ಸಾಹೇಬರು ಔಟ್ ಆಫ್ ಸ್ಟೇಷನ್

1978ರಲ್ಲಿ, ನವರಾತ್ರಿ ಕಳೆದ ಮೇಲೆ, ಉಡುಪಿಯ ಕಡೆಯ ಹಳ್ಳಿಯೊಂದರಿಂದ ಬಸ್ಸು ಹತ್ತಿ ಮುಂಬೈಗೆ ಬಂದ ನಾನು ಫೋರ್ಟ್‌ನ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದೆ. ಆಗ ನನಗೆ ಹದಿಮೂರು ವರ್ಷ. ಬಂದ ಎರಡನೆಯ ತಿಂಗಳಿನಲ್ಲಿ ಧಣಿಗಳು ನನ್ನ ಕೈಗೆ ಚಹಾದ ತಿಂಗಳ ಬಿಲ್ಲೊಂದನ್ನು ಕೊಟ್ಟು, ಪಕ್ಕದ ಬೀದಿಯ ಕಚೇರಿಯ ಸಾಹೇಬರಿಂದ ಹಣ ತೆಗೆದುಕೊಂಡು ಬಾ ಎಂದು ಕಳುಹಿಸಿದರು. ಅಲ್ಲಿನ ಗುಮಾಸ್ತರು ಕಡತದಿಂದ ತಲೆಯೆತ್ತದೆ, ‘ಸಾಹೇಬ್ ಔಟ್ ಆಫ್ ಸ್ಟೇಷನ್’ ಎಂದರು. ನಾನು ಬಿಲ್ಲನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಒಂದೇ ಓಟದಲ್ಲಿ ವಿ.ಟಿ. ಎಂದರೆ ವಿಕ್ಟೋರಿಯಾ ಟರ್ಮಿನಸ್ ರೈಲು ಸ್ಟೇಷನ್ನಿಗೆ ಹೋಗಿ, ಅದರ ಹೊರಗೆ, ದೊಡ್ಡ ಗಡಿಯಾರದ ಕೆಳಗೆ, ಸಾಹೇಬರಿಗಾಗಿ ಕಾಯುತ್ತ ನಿಂತೆ. ಅವರ ಮುಖವನ್ನು ನಾನು ನೋಡಿರಲಿಲ್ಲ. ಟೈ ಕಟ್ಟಿಕೊಂಡು ಹೊರಬಂದವರನ್ನೆಲ್ಲ ಒಂದು ತಾಸು ದಿಟ್ಟಿಸಿ, ಇಬ್ಬರಿಂದ ಬೈಸಿಕೊಂಡು, ಬರಿಗೈಯಲ್ಲಿ ಮರಳಿದಾಗ ಧಣಿಗಳು ಗಲ್ಲಾದ ಮೇಲೆ ಹಣೆಯಿಟ್ಟು ನಕ್ಕರು.

ಆ ಮೂರು ಪದಗಳಲ್ಲಿ ಒಂದೂ ನನಗೆ ತಿಳಿಯದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಔಟ್ ಎಂದರೆ ಹೊರಗೆ, ಸ್ಟೇಷನ್ ಎಂದರೆ ರೈಲು ನಿಲ್ಲುವ ಜಾಗ, ನಡುವಿನದು ಅವೆರಡನ್ನು ಅಂಟಿಸುವ ಗೋಂದು. ಆದರೆ ಈ ಮಾತು ಹುಟ್ಟಿದ್ದು ರೈಲಿನಿಂದಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಅಧಿಕಾರಿಯನ್ನು ನೇಮಿಸಿದ ಊರಿಗೇ ಸ್ಟೇಷನ್ ಎನ್ನುತ್ತಿದ್ದರು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು. ಅದಕ್ಕೂ ಮೊದಲೇ ಸಾಹೇಬರುಗಳು ಊರಿಂದ ಊರಿಗೆ ‘ಔಟ್ ಆಫ್ ಸ್ಟೇಷನ್’ ಆಗುತ್ತಲೇ ಇದ್ದರು. ರೈಲು ಇಂದಿಗೂ ಏರದ ಮಹಾಬಳೇಶ್ವರವನ್ನು ಹಿಲ್ ಸ್ಟೇಷನ್ ಎನ್ನುವುದೂ ಅದೇ ಲೆಕ್ಕದಲ್ಲಿ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಫೋರ್ಟ್ ಪ್ರದೇಶದಲ್ಲಿ ಆಗ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ದಕ್ಷಿಣ ಕನ್ನಡದ ಹುಡುಗರು ಸಂಜೆ ಕೈಕಾಲು ತೊಳೆದು, ಸಾಂಬಾರಿನ ವಾಸನೆಯನ್ನು ಮೈಯಲ್ಲೇ ಇಟ್ಟುಕೊಂಡು ಅಲ್ಲಿ ಹೋಗಿ ಕುಳಿತುಕೊಳ್ಳುತ್ತಿದ್ದರು. ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಹಗಲಿನಲ್ಲಿ ಬ್ಯಾಂಕಿನ ಗುಮಾಸ್ತರು. ವ್ಯಾಕರಣದಲ್ಲಿ ಅವರದು ಎತ್ತಿದ ಕೈ. ಮುಖ್ಯ ವಾಕ್ಯ ಯಾವುದು, ಅಧೀನ ವಾಕ್ಯ ಯಾವುದು ಎಂದು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರೆ ನಿದ್ದೆಗಣ್ಣಿನಲ್ಲೂ ಅದು ಅಚ್ಚೊತ್ತಿದಂತೆ ಉಳಿಯುತ್ತಿತ್ತು. ನುಡಿಗಟ್ಟುಗಳನ್ನು ಮಾತ್ರ ಅವರು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಬೆಕ್ಕು ನಾಯಿಗಳ ಮಳೆ ಸುರಿಯುತ್ತದೆ ಎಂಬುದನ್ನು ನಾನು ಹಾಗೆಯೇ ಕಲಿತು, ಮುಂದೆ ಕೆಲಸಕ್ಕೆ ಸೇರಿದ ಕಂಪೆನಿಯಲ್ಲಿ ರಜೆಯ ಅರ್ಜಿಯಲ್ಲಿ ಬರೆದು, ಇಡೀ ವಿಭಾಗಕ್ಕೆ ಒಂದು ವಾರದ ಮನರಂಜನೆ ಒದಗಿಸಿದೆ. ಮುಂಬೈಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದವರನ್ನು ನಾನು ಈವರೆಗೆ ಕಂಡಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು, ಎದೆಮಟ್ಟದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಡೆದಾಗಲೂ ಬೆಕ್ಕಾಗಲಿ ನಾಯಿಯಾಗಲಿ ಯಾರ ನಾಲಿಗೆಗೂ ಬರಲಿಲ್ಲ.

ರಜೆ ಎಂದೆನಲ್ಲ, ಆ ಪದದ ವಿಷಯವನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಹಾಲಿಡೇ’ ಹಳೆಯ ಇಂಗ್ಲಿಷಿನಲ್ಲಿ ‘ಪವಿತ್ರ ದಿನ’. ಮೂಲದಲ್ಲಿ ಅದು ಹಬ್ಬವೇ. ನಮ್ಮ ‘ರಜೆ’ ಅರಬ್ಬಿಯಿಂದ ಬಂದು ಮರಾಠಿ, ಕನ್ನಡಗಳಲ್ಲಿ ನೆಲೆಸಿದ ಪದ. ಅದರ ಮೂಲಾರ್ಥ ಒಪ್ಪಿಗೆ, ಅನುಮತಿ. ಹೋಟೆಲಿನ ಹುಡುಗನಿಗೆ ಇದಕ್ಕಿಂತ ಸರಿಯಾದ ಪದ ಸಿಗಲಾರದು. ಊರೆಲ್ಲ ಹಬ್ಬ ಮಾಡುವ ದಿನ ಹೋಟೆಲಿನಲ್ಲಿ ಇಮ್ಮಡಿ ಗಿರಾಕಿ, ನಮಗೆ ಇಮ್ಮಡಿ ಕೆಲಸ. ಧಣಿಗಳ ಒಪ್ಪಿಗೆ ಸಿಕ್ಕಿದ ದಿನವೇ ರಜೆ, ಅದು ಯಾವ ದೇವರ ದಿನವೂ ಆಗಿರುತ್ತಿರಲಿಲ್ಲ. ಹೀಗಾಗಿ ನನ್ನ ಪಾಲಿಗೆ ಹಬ್ಬವೂ ರಜೆಯೂ ಬೇರೆಬೇರೆಯಾದವು, ಇಂಗ್ಲಿಷ್ ಅಂತೂ ಎರಡರಿಂದಲೂ ದೂರ ಉಳಿದ, ಬಿಲ್ಲು, ಅರ್ಜಿ, ರಸೀದಿಗಳ ಭಾಷೆಯಾಯಿತು.

ಎಸ್.ಎಸ್.ಸಿ. ಮುಗಿಸಿ, ಬ್ಯಾಲಾರ್ಡ್ ಎಸ್ಟೇಟಿನ ಕಂಪೆನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಮೇಲೆ ಈ ದೂರ ನನಗೆ ಚೆನ್ನಾಗಿ ಅರಿವಾಯಿತು. ಪತ್ರ ಬರೆಯಬಲ್ಲವನಾಗಿದ್ದೆ, ಜ್ಞಾಪನ ತಯಾರಿಸಬಲ್ಲವನಾಗಿದ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕುಳಿತಾಗ ಮಾತ್ರ ಬಾಯಿಗೆ ಬೀಗ ಬೀಳುತ್ತಿತ್ತು. ಯಾರೋ ದಾಖಲೆ ನೋಡಿ ನನ್ನ ಹುಟ್ಟುಹಬ್ಬ ಕಂಡುಹಿಡಿದು, ಮೇಲಧಿಕಾರಿಯವರು ಕೈ ಕುಲುಕಿ, ‘ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದ ಡೇ’ ಎಂದರು. ನಮ್ಮ ವಿಭಾಗದಲ್ಲಿ ರಿಟರ್ನ್ಸ್ ಎಂದರೆ ಮಾರಾಟ ತೆರಿಗೆಯವರಿಗೆ ಸಲ್ಲಿಸುವುದು, ಅದರಲ್ಲಿ ಹ್ಯಾಪಿ ಎನ್ನುವಂಥದ್ದು ಏನೂ ಇರಲಿಲ್ಲ. ಒಂದು ಕ್ಷಣ ತಡವರಿಸಿ, ದೀಪಾವಳಿಗೆ ಎಲ್ಲರೂ ಹೇಳುವುದನ್ನು ಕೇಳಿದ್ದ ಧೈರ್ಯದ ಮೇಲೆ ‘ಸೇಮ್ ಟು ಯು, ಸರ್’ ಎಂದೆ. ಅವರು ಸಜ್ಜನರು, ‘ಥ್ಯಾಂಕ್ಯೂ’ ಎಂದು ನಕ್ಕು ಹೋದರು. ಉಳಿದವರು ಅಷ್ಟು ಸಜ್ಜನರಾಗಿರಲಿಲ್ಲ. ನಾನು ಆ ಕಚೇರಿ ಬಿಡುವವರೆಗೂ, ನನ್ನನ್ನು ಕಂಡಾಗಲೆಲ್ಲ ಒಬ್ಬರಲ್ಲ ಒಬ್ಬರು ‘ಸೇಮ್ ಟು ಯು’ ಎನ್ನುತ್ತಿದ್ದರು.

1990ರ ದಶಕದ ಆರಂಭದಲ್ಲಿ, ಮದುವೆಯಾದ ಹೊಸದರಲ್ಲಿ, ಮಲಾಡ್ ಪಶ್ಚಿಮದ ಓರ್ಲೆಂನಲ್ಲಿ ನಮಗೆ ಬಾಡಿಗೆಯ ಮನೆ ಸಿಕ್ಕಿತು. ಸುತ್ತಲೂ ಗೋವಾದ, ಮಂಗಳೂರಿನ ಕ್ರೈಸ್ತ ಕುಟುಂಬಗಳು. ಎದುರುಮನೆಯಲ್ಲಿ ಶಾಲೆಯ ಇಂಗ್ಲಿಷ್ ಅಧ್ಯಾಪಕಿಯಾಗಿ ನಿವೃತ್ತರಾಗಿದ್ದ, ಬಜಪೆಯ ಕಡೆಯ ಹಿರಿಯರೊಬ್ಬರಿದ್ದರು. ಊರಿನಲ್ಲಾಗಿದ್ದರೆ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಮುಂಬೈಯಾದ್ದರಿಂದ ಆಂಟಿ ಎಂದೆವು. ನನ್ನ ಹೆಂಡತಿಯೊಡನೆ ಅವರು ತುಳುವಿನಲ್ಲಿ ಮಾತಾಡುತ್ತಿದ್ದರು, ನನ್ನೊಡನೆ ಹಟ ಹಿಡಿದು ಇಂಗ್ಲಿಷಿನಲ್ಲಿ, ನಾನು ತಪ್ಪಿದಾಗ ಮಾತ್ರ ಕನ್ನಡದಲ್ಲಿ. ನಾನು ಕನ್ನಡ ಕೇಳಿದ್ದೇ ಹೆಚ್ಚು.

ಮೊದಲ ಸೆಪ್ಟೆಂಬರಿನಲ್ಲೇ ಅವರು, ಬಾಂದ್ರಾ ಫೇರ್‌ಗೆ ಬರುತ್ತೀಯಾ ಎಂದು ಕೇಳಿದರು. ನಾನು ಅದನ್ನು ಬಾಂದ್ರಾಕ್ಕೆ ಬಸ್ಸಿನ ದರ ಎಂದು ತಿಳಿದು, ಟಿಕೆಟ್ ಎಷ್ಟಾಗುತ್ತದೆ ಎಂಬುದನ್ನು ವಿವರಿಸತೊಡಗಿದೆ. ಒಂದೇ ಉಚ್ಚಾರ, ಒಂದು ಬರವಣಿಗೆಯಲ್ಲಿ ಅದು ಪ್ರಯಾಣದ ದರ, ಇನ್ನೊಂದರಲ್ಲಿ ಜಾತ್ರೆ, ಆ ಇನ್ನೊಂದರಲ್ಲೇ ಬಿಳಿ ಮೈಬಣ್ಣವೂ ನ್ಯಾಯವೂ ಸೇರಿಕೊಂಡಿವೆ. ಆಂಟಿ ಇದನ್ನೆಲ್ಲ ಬಸ್ಸಿನಲ್ಲಿ ನಿಂತುಕೊಂಡೇ ವಿವರಿಸಿದರು. ಮಾತೆ ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರ ಸುತ್ತ ಮೌಂಟ್ ಮೇರಿ ಗುಡ್ಡದಲ್ಲಿ ನಡೆಯುವ ಆ ಜಾತ್ರೆಯಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಪುಟ್ಟ ಮನೆಗಳನ್ನು ಮಾರುತ್ತಾರೆ. ಕಾಲುನೋವಿನವರು ಕಾಲನ್ನು, ಮನೆಯಿಲ್ಲದವರು ಮನೆಯನ್ನು ಕೊಂಡು ಮಾತೆಗೆ ಅರ್ಪಿಸುತ್ತಾರೆ. ಹಾಗಾದರೆ ಇಂಗ್ಲಿಷ್ ಬೇಕಾದವರು ಮೇಣದ ನಾಲಿಗೆಯನ್ನು ಕೊಳ್ಳಬೇಕೇ ಎಂದು ನಾನು ಕೇಳಬೇಕೆಂದುಕೊಂಡೆ. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ನಾವು ಮನೆ ಸೇರಿದ್ದೆವು.

ಮುಂದಿನ ವರ್ಷದ ಗುಡ್ ಫ್ರೈಡೇ ದಿನ ನಾನು ಮಾಡಿದ ತಪ್ಪನ್ನು ನಮ್ಮಲ್ಲಿ ಎಷ್ಟೋ ಜನ ಮಾಡುತ್ತಾರೆ, ಈಗ ಮೊಬೈಲಿನಲ್ಲಿ ಹೂವಿನ ಚಿತ್ರ ಸಮೇತ ಮಾಡುತ್ತಾರೆ. ಇಗರ್ಜಿಗೆ ಹೊರಟಿದ್ದ ಆಂಟಿಗೆ ಮೆಟ್ಟಿಲ ಬಳಿ ಎದುರಾಗಿ, ಅಗಲವಾಗಿ ನಕ್ಕು ‘ಹ್ಯಾಪಿ ಗುಡ್ ಫ್ರೈಡೇ’ ಎಂದೆ. ಅವರು ನಿಂತರು. ‘ಅಲ್ಲ ಮಗಾ, ಇವತ್ತು ನಮ್ಮ ದೇವರು ಸತ್ತ ದಿನ’ ಎಂದು ಕನ್ನಡದಲ್ಲೇ ಹೇಳಿ ಹೋದರು. ಸಂಜೆ ನಾನು ಕ್ಷಮೆ ಕೇಳಲು ಹೋದಾಗ ಅವರಾಗಿಯೇ ಆ ‘ಗುಡ್’ನ ವಿಚಾರ ತೆಗೆದರು. ಹಿಂದೆ ಆ ಪದಕ್ಕೆ ಪವಿತ್ರ ಎಂಬ ಅರ್ಥವೂ ಇತ್ತು. ಒಳ್ಳೆಯ ಶುಕ್ರವಾರವಲ್ಲ, ಪವಿತ್ರ ಶುಕ್ರವಾರ. ನಮ್ಮ ಪತ್ರಿಕೆಗಳು ‘ಶುಭ ಶುಕ್ರವಾರ’ ಎಂದು ಬರೆದು ಈ ಗೊಂದಲವನ್ನು ಕನ್ನಡಕ್ಕೂ ತಂದಿವೆ ಎಂದು ನಾನು ಹೇಳಿದ್ದಕ್ಕೆ ಅವರು ನಕ್ಕ ಮೇಲೆ ನನಗೆ ಸಮಾಧಾನವಾಯಿತು. ಹೊರಡುವಾಗ, ಕಚೇರಿಯಲ್ಲಿ ಹೇಳಿ ನಗೆಗೀಡಾಗಿದ್ದ ‘ಐ ವಿಲ್ ಗೋ ಅಂಡ್ ಕಮ್’ ಎಂಬುದನ್ನೇ ಮತ್ತೆ ಹೇಳಿದೆ. ಅವರು ತಿದ್ದಲಿಲ್ಲ. ‘ಗುಡ್‌ಬೈ’ ಎಂಬುದು ‘ದೇವರು ನಿನ್ನೊಡನಿರಲಿ’ ಎಂಬ ಇಂಗ್ಲಿಷ್ ವಾಕ್ಯವೇ ಬಾಯಿಂದ ಬಾಯಿಗೆ ಸವೆದು ಆದ ರೂಪವೆಂದೂ, ಹೋಗುತ್ತೇನೆ ಎನ್ನಲು ಅಂಜಿ ಹೋಗಿ ಬರುತ್ತೇನೆ ಎನ್ನುವ ನಮ್ಮವರಂತೆ ಇಂಗ್ಲಿಷರೂ ಹೊಸ್ತಿಲ ಬಳಿ ಅಂಜಿದವರೇ ಎಂದೂ ಹೇಳಿದರು. ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುವ ಮನೆಯಲ್ಲಿ ಬೆಳೆದವನಿಗೆ ಈ ಅಂಜಿಕೆ ಹೊಸದಲ್ಲ. ಆ ಸಂಜೆಯವರೆಗೆ ಇಂಗ್ಲಿಷರೂ ಯಾವುದಕ್ಕಾದರೂ ಅಂಜುತ್ತಾರೆ ಎಂದು ನನಗೆ ತೋಚಿರಲೇ ಇಲ್ಲ.

ಕ್ರಿಸ್‌ಮಸ್ ಬಂದರೆ ಅವರ ಅಡುಗೆಮನೆಯೇ ನನ್ನ ತರಗತಿ. ದ್ರಾಕ್ಷಿ, ಗೋಡಂಬಿಗಳು ರಮ್ಮಿನಲ್ಲಿ ವಾರಗಟ್ಟಲೆ ನೆನೆಯುತ್ತಿದ್ದವು. ಹಬ್ಬದ ಹಿಂದಿನ ವಾರ ಕುಸ್ವಾರ್ ತಿಂಡಿಗಳ ಸರದಿ: ನಮ್ಮ ಕರ್ಜಿಕಾಯಿಯ ಒಡಹುಟ್ಟಿದಂತಿರುವ ನೆವ್ರಿ, ಅಚ್ಚನ್ನು ಎಣ್ಣೆಯಲ್ಲಿ ಅದ್ದಿ ತೆಗೆಯುವ ಗುಲಾಬಿಯಾಕಾರದ ಕೊಕ್ಕಿಸಾಂ, ಮತ್ತು ಕಿಡ್ಯೊ. ಕಿಡ್ಯೊ ಮಾಡುವುದನ್ನು ನಾನು ಅಲ್ಲಿಯೇ ಕಲಿತೆ. ಹಿಟ್ಟಿನ ಸಣ್ಣ ಉಂಡೆಯನ್ನು ಮುಳ್ಳು ಚಮಚದ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತಿ ಬಿಡಿಸಿದರೆ ಮೈಮೇಲೆ ಗೆರೆಗಳಿರುವ ಪುಟ್ಟ ಹುಳು ಉದುರುತ್ತದೆ. ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಗೋವಾದವರು ಇದಕ್ಕೆ ಕುಲ್ಕುಲ್ ಎಂಬ ಮುದ್ದಾದ ಹೆಸರಿಟ್ಟಿದ್ದಾರೆ. ನಮ್ಮ ಕಡೆಯವರು ಮುಚ್ಚುಮರೆಯಿಲ್ಲದವರು. ಕೊಂಕಣಿಯಲ್ಲಿ ಕಿಡ್ಯೊ ಎಂದರೆ ಹುಳುಗಳೇ.

ಹಿಟ್ಟು ಒತ್ತುತ್ತ ಕುಳಿತಿರುವಾಗ ಪದಗಳು ತಾವಾಗಿ ಬರುತ್ತಿದ್ದವು. ಕ್ರಿಸ್‌ಮಸ್ ಬರೆಯುವಾಗ ಮೊದಲಿಗೆ ಎಕ್ಸ್ ಹಾಕುವುದು ಸೋಮಾರಿತನವಲ್ಲ, ಅದು ಗ್ರೀಕಿನಲ್ಲಿ ಕ್ರಿಸ್ತನ ಹೆಸರಿನ ಮೊದಲ ಅಕ್ಷರ. ಮರುದಿನದ ಬಾಕ್ಸಿಂಗ್ ಡೇಯಲ್ಲಿ ಯಾರೂ ಯಾರನ್ನೂ ಗುದ್ದುವುದಿಲ್ಲ. ಕೆಲಸದವರಿಗೆ, ಅಂಚೆಯವರಿಗೆ ಕ್ರಿಸ್‌ಮಸ್ ಬಾಕ್ಸ್ ಎಂದು ಹಬ್ಬದ ಇನಾಮು ಕೊಡುತ್ತಿದ್ದ ದಿನ ಅದು, ಮುಂಬೈಯಲ್ಲಿ ವಾಚ್‌ಮನ್‌ನಿಂದ ಹಿಡಿದು ಹಾಲಿನವರವರೆಗೆ ಎಲ್ಲರೂ ಬಾಗಿಲಿಗೆ ಬಂದು ಕೇಳುವ ದೀಪಾವಳಿಯ ಪೋಸ್ತ್‌ನ ಹಾಗೆ. ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಟರ್ಕಿ ಕೋಳಿ. ಅಮೆರಿಕ ಖಂಡದ ಈ ಹಕ್ಕಿಗೆ ಇಂಗ್ಲಿಷರು ಟರ್ಕಿ ದೇಶದ ಹೆಸರಿಟ್ಟರು. ಟರ್ಕಿಯವರು ಅದನ್ನು ‘ಹಿಂದಿ’ ಎನ್ನುತ್ತಾರೆ, ಅಂದರೆ ನಮ್ಮ ದೇಶದ್ದು. ಪೋರ್ತುಗೀಜರು ‘ಪೆರು’ ಎನ್ನುತ್ತಾರೆ, ಗೋವಾದವರೂ ಅದನ್ನೇ ಉಳಿಸಿಕೊಂಡಿದ್ದಾರೆ. ಮುಂಬೈಯ ಸಂತೆಯಲ್ಲಿ ಪೇರು ಎಂದರೆ ಪೇರಳೆ ಹಣ್ಣು. ಆಂಟಿಯ ಗೋವಾದ ಬೀಗರು ಹಬ್ಬಕ್ಕೆ ಪೆರು ಹುರಿಯುತ್ತೇವೆ ಎಂದಾಗ ನಮ್ಮ ಮನೆಕೆಲಸದ ಹೆಂಗಸಿಗೆ ಆದ ಆಶ್ಚರ್ಯ ಅಷ್ಟಿಷ್ಟಲ್ಲ. ಯಾವ ದೇಶದವರೂ ಆ ಹಕ್ಕಿಯನ್ನು ತಮ್ಮದೆನ್ನದೆ ನೆರೆಯವರ ತಲೆಗೆ ಕಟ್ಟಿದ್ದಾರೆ. ಹೊರಗಿನಿಂದ ಬಂದದ್ದಕ್ಕೆಲ್ಲ ಸೀಮೆ ಎಂದು ಹಚ್ಚಿ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದು ಕೈತೊಳೆದುಕೊಂಡ ನಾವೂ ಬೇರೆಯೇನಲ್ಲ.

ಶ್ಲೇಷೆ ಮಾತ್ರ ನನಗೆ ಬಹಳ ಕಾಲ ಒಲಿಯಲಿಲ್ಲ. ಆಂಟಿಯ ಮಗಳು ಒಂದು ಡಿಸೆಂಬರಿನಲ್ಲಿ ಲಂಡನ್ನಿನಿಂದ ಕ್ರಿಸ್‌ಮಸ್ ಕ್ರ್ಯಾಕರ್‌ಗಳ ಪೆಟ್ಟಿಗೆ ತಂದಿದ್ದಳು. ಕ್ರ್ಯಾಕರ್ ಎಂದೊಡನೆ ನಾನು ಬೆಂಕಿಪೊಟ್ಟಣ ತರಲು ಎದ್ದೆ. ಅದು ಪಟಾಕಿಯಲ್ಲ, 1840ರ ದಶಕದಲ್ಲಿ ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿ ಹುಟ್ಟುಹಾಕಿದ ಕಾಗದದ ಸುರುಳಿ. ಇಬ್ಬರು ಎರಡು ತುದಿ ಹಿಡಿದೆಳೆದರೆ ಚಟಾರನೆ ಹರಿದು, ಒಳಗಿಂದ ಕಾಗದದ ಕಿರೀಟವೊಂದು, ನಗೆಹನಿಯ ಚೀಟಿಯೊಂದು ಬೀಳುತ್ತವೆ. ಮೊದಲ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯಿಂದ ಎಲ್ ಒಂದನ್ನು ಕಿತ್ತುಹಾಕಿದರೆ ಯಾವ ಹಬ್ಬ ಎಂದಿತ್ತು. ಉತ್ತರ, ‘ನೋಯೆಲ್’, ಕ್ರಿಸ್‌ಮಸ್‌ಗೆ ಇನ್ನೊಂದು ಹೆಸರು. ‘ನೋ ಎಲ್’ ಎಂದು ಕೇಳಿಸಿಕೊಳ್ಳಬೇಕು. ಎಲ್ಲರೂ ನಕ್ಕರು, ನಾನು ಕಿರೀಟ ಸರಿಪಡಿಸಿಕೊಂಡೆ. ಎರಡನೆಯ ಚೀಟಿ ನನ್ನದೇ ಕೈಗೆ ಬಂತು: ಸಾಂತಾನ ಸಹಾಯಕರಿಗೆ ಏನೆನ್ನುತ್ತಾರೆ? ‘ಸಬಾರ್ಡಿನೇಟ್ ಕ್ಲಾಸಸ್’. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದದ್ದು ಫೋರ್ಟ್‌ನ ರಾತ್ರಿ ಶಾಲೆ, ಕಪ್ಪುಹಲಗೆ, ಅಧೀನ ವಾಕ್ಯದ ಕೆಳಗೆ ಮೇಷ್ಟ್ರು ಎಳೆದ ಗೆರೆ. ಸಾಂತಾ ಕ್ಲಾಸ್‌ನ ‘ಕ್ಲಾಸ್’ಗೂ ವಾಕ್ಯದ ‘ಕ್ಲಾಸ್’ಗೂ ಇಂಗ್ಲಿಷಿನಲ್ಲಿ ಅಕ್ಷರ ಬೇರೆ, ಉಚ್ಚಾರ ಒಂದೇ. ಯಾರೂ ವಿವರಿಸದೆ ನಾನು ನಕ್ಕೆ. ನನಗಿಂತ ಮೊದಲು ಯಾರೂ ನಕ್ಕಿರಲಿಲ್ಲ, ಏಕೆಂದರೆ ಅಲ್ಲಿದ್ದ ಮಕ್ಕಳಾರೂ ಅಷ್ಟು ವ್ಯಾಕರಣ ಓದಿದವರಲ್ಲ. ಮೇಷ್ಟ್ರು ಹಾಕಿದ ಅಡಿಪಾಯವನ್ನು ನಾನು ಆವರೆಗೆ ಮನಸ್ಸಿನಲ್ಲೇ ಹಳಿದುಕೊಂಡಿದ್ದೆ. ಅಂದು ಹಳಿಯುವುದನ್ನು ಬಿಟ್ಟೆ.

ಶ್ಲೇಷೆ ನಮಗೆ ಅಪರಿಚಿತವೇನಲ್ಲ. ಪುರಂದರದಾಸರು ಭಿಕ್ಷೆಗೆ ರಾಗಿ ಕೇಳುತ್ತ, ಯೋಗ್ಯರಾಗಿ, ಭೋಗ್ಯರಾಗಿ ಎಂದು ಪ್ರತಿ ಪದದ ಬಾಲದಲ್ಲೂ ಆ ರಾಗಿಯನ್ನೇ ತೂಗಿಹಾಕಿದ್ದನ್ನು ನನ್ನ ತಾಯಿ ಭತ್ತ ಕುಟ್ಟುತ್ತ ಹಾಡುತ್ತಿದ್ದರು, ನಾನು ಆರು ವರ್ಷಕ್ಕೇ ಅದಕ್ಕೆ ನಕ್ಕಿದ್ದೆ. ಧಾನ್ಯವೂ ಪ್ರತ್ಯಯವೂ ಎರಡೂ ಮನೆಯಲ್ಲೇ ಇದ್ದುದರಿಂದ ಆ ನಗೆ ಸುಲಭವಾಯಿತು. ಇಂಗ್ಲಿಷಿನಲ್ಲಿ ನನಗೆ ಪ್ರತ್ಯಯಗಳನ್ನು ಕಲಿಸಿದ್ದರು, ಧಾನ್ಯವನ್ನು ತೋರಿಸಿರಲಿಲ್ಲ.

ನನ್ನ ಸ್ವಂತದ ಮೊದಲ ಇಂಗ್ಲಿಷ್ ನಗೆಮಾತು ಮತ್ತೂ ಎರಡು ವರ್ಷ ತಡವಾಗಿ ಹುಟ್ಟಿತು. ಡಿಸೆಂಬರ್ 23ರ ಬೆಳಿಗ್ಗೆ ಆರು ಗಂಟೆಗೆ ಆಂಟಿಯ ಮೊಮ್ಮಗ ಮೆಲ್ಲನೆ ಡಬ್ಬಿಯ ಮುಚ್ಚಳ ತೆಗೆದು ಕಿಡ್ಯೊ ಕದಿಯುತ್ತಿದ್ದಾಗ, ಹಾಲಿಗೆಂದು ಬಂದಿದ್ದ ನಾನು ಬಾಗಿಲಲ್ಲೇ ನಿಂತು, ‘ದಿ ಅರ್ಲಿ ಬರ್ಡ್ ಕ್ಯಾಚಸ್ ದ ಕಿಡ್ಯೊ’ ಎಂದೆ. ಬೇಗ ಎದ್ದ ಹಕ್ಕಿಗೆ ಹುಳು ಸಿಗುತ್ತದೆ ಎಂಬುದು ರಾತ್ರಿ ಶಾಲೆಯ ಬಾಯಿಪಾಠ. ಹುಳುವಿನ ಜಾಗಕ್ಕೆ ಹುಳುವನ್ನೇ ಇಟ್ಟಿದ್ದೆ, ಆಂಟಿಯ ಭಾಷೆಯ ಹುಳುವನ್ನು. ಒಳಗಿನಿಂದ ಅವರ ನಗು ಕೇಳಿಸಿತು. ಅದನ್ನು ಅವರು ಆ ವರ್ಷದ ಅತಿಥಿಗಳಿಗೆಲ್ಲ ಹೇಳಿದರು, ಪ್ರತಿ ಸಲವೂ ಇದು ಇವನದು ಎಂದು ನನ್ನತ್ತ ಬೆರಳು ತೋರಿಸಿದರು.

ಸಂಕ್ರಾಂತಿಗೆ ಸರದಿ ನಮ್ಮದು. ‘ತಿಳಗೂಳ್ ಘ್ಯಾ, ಗೋಡ್ ಗೋಡ್ ಬೋಲಾ’ ಎಂಬ ಮರಾಠಿ ಮಾತನ್ನೂ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಿ ಎಂಬ ನಮ್ಮ ಮಾತನ್ನೂ ಇಂಗ್ಲಿಷಿಗೆ ತಿರುಗಿಸಲು ನಾವಿಬ್ಬರೂ ಒಂದು ಇಡೀ ಸಂಜೆ ಹೆಣಗಿದ್ದೇವೆ. ಪದಕ್ಕೆ ಪದ ಇಟ್ಟರೆ, ಬಾಯಿ ಕೆಟ್ಟ ಹುಡುಗನಿಗೆ ಮೇಡಂ ಎಚ್ಚರಿಕೆ ಕೊಟ್ಟಂತೆ ಕೇಳುತ್ತಿತ್ತು. ಆಂಟಿ ಕೊನೆಗೆ ಪೆನ್ನು ಕೆಳಗಿಟ್ಟು, ಎಳ್ಳು ಬಾಯಿಗೆ ಹಾಕಿಕೊಂಡು, ಇಂಗ್ಲಿಷಿಗೆ ಇದು ಬರುವುದಿಲ್ಲ ಮಗಾ ಎಂದರು. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವರ ಬಾಯಿಂದ ಆ ಮಾತು ಕೇಳಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು, ಕಾರಣವಿಲ್ಲದೆ.

ಆಂಟಿ ಈಗಿಲ್ಲ. ನಾನು ನಿವೃತ್ತನಾಗಿದ್ದೇನೆ, ವಿ.ಟಿ.ಯ ಹೆಸರು ಎರಡು ಸಲ ಬದಲಾಗಿದೆ. ಡಿಸೆಂಬರ್ ಕೊನೆಯ ವಾರ ಕಟ್ಟಡದ ಮಕ್ಕಳು ಹಳೆಯ ಬಟ್ಟೆಗಾಗಿ ಬಾಗಿಲು ಬಡಿಯುವುದು ಮಾತ್ರ ಹಾಗೆಯೇ ಇದೆ. ಶರ್ಟು ಪ್ಯಾಂಟಿನೊಳಗೆ ಹುಲ್ಲು ಕಾಗದ ತುಂಬಿ ‘ಓಲ್ಡ್ ಮ್ಯಾನ್’ ಎಂಬ ಬೊಂಬೆ ಮಾಡಿ, ಕಳೆದ ವರ್ಷವನ್ನು 31ರ ಮಧ್ಯರಾತ್ರಿ ಸುಡುತ್ತಾರೆ. ಕಳೆದ ಡಿಸೆಂಬರಿನಲ್ಲಿ ಬಂದ ಹುಡುಗಿಯೊಬ್ಬಳು, ‘ಅಂಕಲ್, ಓಲ್ಡ್ ಮ್ಯಾನ್‌ಗೆ ಶರ್ಟ್ ಬೇಕು’ ಎಂದಳು. ಓಲ್ಡ್ ಮ್ಯಾನ್ ಈಗಾಗಲೇ ಶರ್ಟ್ ಹಾಕಿಕೊಂಡಿದ್ದಾನಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಒಮ್ಮೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಿಸಕ್ಕನೆ ನಕ್ಕಳು. ಬ್ಯಾಲಾರ್ಡ್ ಎಸ್ಟೇಟಿಗೆ ಹಾಕಿಕೊಂಡು ಹೋಗುತ್ತಿದ್ದ, ಕಾಲರು ಸವೆದ ಬಿಳಿ ಶರ್ಟೊಂದನ್ನು ತೆಗೆದುಕೊಟ್ಟೆ.

ಹನ್ನೆರಡು ಹೊಡೆದಾಗ ಅದು ಕಟ್ಟಡದ ಅಂಗಳದಲ್ಲಿ ಹತ್ತಿಕೊಂಡು ಉರಿಯಿತು. ಜೇಬಿನ ಮೇಲಿನ ಶಾಯಿಯ ಕಲೆ ಕೊನೆಯವರೆಗೂ ಕಾಣುತ್ತಿತ್ತು. ಹುಡುಗಿ ಓಡಿಬಂದು ನನ್ನ ಕೈ ಹಿಡಿದು, ‘ಹ್ಯಾಪಿ ನ್ಯೂ ಇಯರ್, ಅಂಕಲ್’ ಎಂದಳು.

‘ಸೇಮ್ ಟು ಯು’ ಎಂದೆ. ಯಾರೂ ನಗಲಿಲ್ಲ.